ಕಾಂಬಿನೇಶನ್ ಕಾಲಂ ಬಗ್ಗೆ ಪದವಿ ಪೂರ್ವ ಇಲಾಖೆಗೆ ಒಂದು ಬಹಿರಂಗ ಪತ್ರ

ಗೆ,
ನಿರ್ದೇಶಕರು,
ಶಾಲಾ ಶಿಕ್ಷಣ ಇಲಾಖೆ (ಪದವಿ ಪೂರ್ವ),
ಬೆಂಗಳೂರು

ಮಾನ್ಯರೇ,

ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಪಿಯು ಕಾಲೇಜಿನಲ್ಲಿ ಅಕೌಂಟೆನ್ಸಿ ಉಪನ್ಯಾಸಕ. ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಅಡ್ಮಿಷನ್ ಟೇಬಲ್ಲಿನ ಹಿಂದೆ ಕೂರುವವರಲ್ಲಿ ನಾನೂ ಒಬ್ಬ. ಅರ್ಜಿ ಫಾರ್ಮಿನಲ್ಲಿ ಕಾಂಬಿನೇಶನ್, ಅಂದರೆ ಯಾವ ವಿಷಯಗಳ ಗುಂಪು ಬೇಕು ಅಂತ ಬರೆಯುವ ಒಂದು ಕಾಲಂ ಇರುತ್ತದೆ. ಹೆಚ್ಚೆಂದರೆ ಎರಡು ನಿಮಿಷದಲ್ಲಿ ತುಂಬಿ ಮುಗಿಯುತ್ತದೆ. ಈ ಪತ್ರ ಆ ಎರಡು ನಿಮಿಷದ ಬಗ್ಗೆ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಮೂರು ವರ್ಷದ ಹಿಂದೆ ಒಬ್ಬ ಹುಡುಗಿ ಅಪ್ಪನ ಜೊತೆ ಬಂದಳು. ಅಪ್ಪ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತ. ಹುಡುಗಿಗೆ ಎಸ್ಸೆಸ್ಸೆಲ್ಸಿ ಗಣಿತದಲ್ಲಿ 91 ಅಂಕ. ಕಾಮರ್ಸ್ ಬೇಕು ಅಂತ ಆಕೆಯೇ ತೀರ್ಮಾನ ಮಾಡಿಕೊಂಡು ಬಂದಿದ್ದಳು.

“ಯಾವುದು ಚಲೋ ರೀ ಸರ?” ಅಂತ ಅಪ್ಪ ಕೇಳಿದರು.

“ಎಚ್‌ಇಬಿಎ ತಗೋರಿ. ಆರಾಮ ಐತಿ. ಪರ್ಸೆಂಟೇಜ್ ಬರ್ತೈತಿ.”

“ಗಣಿತ ಬ್ಯಾಡೇನ್ರಿ? ಆಕೀಗೆ ಚಲೋ ಬರ್ತೈತ್ರಿ.”

“ಕಾಮರ್ಸಿಗೆ ಯಾಕ್ರಿ ಗಣಿತ?”

ಕೊನೆಯ ಮಾತು ನನ್ನದು. ಅಪ್ಪ ಸುಮ್ಮನಾದರು. ಕಾಲೇಜಿನ ಮೇಷ್ಟ್ರು ಹೇಳಿದ ಮೇಲೆ ಗುಮಾಸ್ತ ಏನು ವಾದ ಮಾಡುತ್ತಾನೆ? ಹುಡುಗಿ ಕಾಲಂ ತುಂಬಿದಳು. ಹಿಂದೆ ಕ್ಯೂ ಉದ್ದ ಇತ್ತು, ನಾನು ಮುಂದಿನವರನ್ನು ಕರೆದೆ.

ಸರ್ಕಾರಿ ಕಾಲೇಜು ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮ ಪಿಯು ಕಾಮರ್ಸಿನಲ್ಲಿ ಎಕನಾಮಿಕ್ಸ್, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ ಮೂರೂ ಎಲ್ಲರಿಗೂ ಇರುತ್ತವೆ. ನಾಲ್ಕನೆಯದರಲ್ಲಿ ವ್ಯತ್ಯಾಸ. ಎಚ್‌ಇಬಿಎ ಅಂದರೆ ಹಿಸ್ಟರಿ, ಎಸ್‌ಇಬಿಎ ಅಂದರೆ ಸ್ಟ್ಯಾಟಿಸ್ಟಿಕ್ಸ್, ಸಿಇಬಿಎ ಅಂದರೆ ಕಂಪ್ಯೂಟರ್ ಸೈನ್ಸ್. ಇನ್ನೊಂದು ಬೇಸಿಕ್ ಮ್ಯಾಥ್ಸ್. ಇದು ಸಾಕಷ್ಟು ಕಾಲೇಜುಗಳ ಬೋರ್ಡಿನಲ್ಲೇ ಇರುವುದಿಲ್ಲ. ನಮ್ಮಲ್ಲೂ ಇಲ್ಲ. ಹಾಗಾಗಿ ಆ ದಿನ ನಾನು ಹೇಳಿದ್ದರಲ್ಲಿ ಅರ್ಧ ಸಲಹೆ, ಇನ್ನರ್ಧ ನಮ್ಮಲ್ಲಿ ಇಲ್ಲದ ಸರಕನ್ನು ಮುಚ್ಚಿಡುವ ಅಂಗಡಿಯವನ ಮಾತು. ಬೇಸಿಕ್ ಮ್ಯಾಥ್ಸ್ ಇರುವ ಕಾಲೇಜು ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದಲ್ಲಿತ್ತು. ಅದನ್ನು ಹೇಳಲಿಲ್ಲ. ನಮ್ಮ ದಾಖಲಾತಿ ಒಂದು ಕಡಿಮೆಯಾಗುತ್ತಿತ್ತು.

ಎರಡು ವರ್ಷ ಚೆನ್ನಾಗಿಯೇ ಹೋಯಿತು. ಹುಡುಗಿ ಜಾಣೆ. ಸೆಕೆಂಡ್ ಪಿಯುನಲ್ಲಿ ಅಕೌಂಟೆನ್ಸಿಗೆ ನೂರಕ್ಕೆ ನೂರು, ಬಿಸಿನೆಸ್ ಸ್ಟಡೀಸ್‌ಗೂ ನೂರಕ್ಕೆ ನೂರು. ಕಾಲೇಜಿನ ಗೇಟಿಗೆ ಫ್ಲೆಕ್ಸ್ ಹಾಕಿದೆವು. ಆದರೆ ಅದಕ್ಕೂ ಎರಡು ತಿಂಗಳ ಮುಂಚೆ, ಫೆಬ್ರವರಿಯಲ್ಲಿ, ಆಕೆ ಒಂದು ಮಧ್ಯಾಹ್ನ ಸ್ಟಾಫ್ ರೂಮಿಗೆ ಬಂದು, “ಸರ್, ಐಪಿಮ್ಯಾಟ್ ಅಂದ್ರೆ ಏನು?” ಅಂತ ಕೇಳಿದಳು. ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗ ಹೇಳಿದ್ದನಂತೆ. ನನಗೆ ಗೊತ್ತಿರಲಿಲ್ಲ. ನಿಜವಾಗಿಯೂ ಗೊತ್ತಿರಲಿಲ್ಲ. ಕಾಮರ್ಸ್ ಮೇಷ್ಟ್ರು, ಕಾಮರ್ಸ್ ಮಕ್ಕಳು ಬರೆಯುವ ದೇಶದ ದೊಡ್ಡ ಪ್ರವೇಶ ಪರೀಕ್ಷೆಯ ಹೆಸರನ್ನು ವಿದ್ಯಾರ್ಥಿಯ ಬಾಯಿಂದ ಕೇಳಿ ತಿಳಿದುಕೊಂಡೆ.

ಆಮೇಲೆ ಓದಿಕೊಂಡೆ. ಐಐಎಂ ಅಂದರೆ ಮ್ಯಾನೇಜ್‌ಮೆಂಟ್ ಕಲಿಸುವ ಕೇಂದ್ರದ ಸಂಸ್ಥೆ, ಡಿಗ್ರಿ ಮುಗಿಸಿ ಕ್ಯಾಟ್ ಅನ್ನುವ ಪರೀಕ್ಷೆ ಬರೆದು ಹೋಗುವ ಜಾಗ ಅಂತ ನಾವೆಲ್ಲ ತಿಳಿದಿದ್ದೇವೆ, ಅಲ್ವಾ? 2011ರಲ್ಲೇ ಇಂದೋರ್ ಐಐಎಂ ಪಿಯು ಮುಗಿಸಿದವರಿಗೆ ಐದು ವರ್ಷದ ಕೋರ್ಸ್ ಶುರು ಮಾಡಿತು. ಐಪಿಎಂ ಅಂತ ಕರೆಯುತ್ತಾರೆ. ಅದಕ್ಕೆ ಸೇರಲು ಬರೆಯುವ ಪರೀಕ್ಷೆಯೇ ಐಪಿಮ್ಯಾಟ್. ಮೊದಲ ಮೂರು ವರ್ಷ ಪದವಿ ಮಟ್ಟದ ಓದು, ಕೊನೆಯ ಎರಡು ವರ್ಷ ಎಂಬಿಎ. ಮೂರು ವರ್ಷಕ್ಕೆ ಪದವಿ ತೆಗೆದುಕೊಂಡು ಹೊರಗೆ ಬರುವ ದಾರಿಯೂ ಇದೆ. 2019ರಲ್ಲಿ ರೋಹ್ಟಕ್ ಶುರು ಮಾಡಿತು, 2021ರಲ್ಲಿ ರಾಂಚಿ. ಅದೇ ವರ್ಷ ಜಮ್ಮು ಮತ್ತು ಬೋಧಗಯಾ ಸೇರಿ ಜಿಪ್‌ಮ್ಯಾಟ್ ಅನ್ನುವ ಇನ್ನೊಂದು ಪರೀಕ್ಷೆ ತಂದವು. ಇವಲ್ಲದೆ ದೆಹಲಿ ವಿಶ್ವವಿದ್ಯಾಲಯದ ಬಿಎಂಎಸ್ ಅನ್ನುವ ಮ್ಯಾನೇಜ್‌ಮೆಂಟ್ ಪದವಿ ಇದೆ. ಅಲ್ಲಿನ ಶಹೀದ್ ಸುಖದೇವ್ ಕಾಲೇಜ್ ಆಫ್ ಬಿಸಿನೆಸ್ ಸ್ಟಡೀಸ್ 1987ರಿಂದ ಇದೇ ಕೆಲಸ ಮಾಡುತ್ತಿದೆ. ಅದಕ್ಕೆ ಸಿಯುಇಟಿ, ಅಂದರೆ ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ ಬರೆಯಬೇಕು. ನಮ್ಮದೇ ಬೆಂಗಳೂರು ಐಐಎಂ ಕೂಡ ಜಿಗಣಿಯ ಹೊಸ ಕ್ಯಾಂಪಸ್ಸಿನಲ್ಲಿ ಎಕನಾಮಿಕ್ಸ್ ಮತ್ತು ಡೇಟಾ ಸೈನ್ಸ್‌ನಲ್ಲಿ ಆನರ್ಸ್ ಪದವಿ ಘೋಷಿಸಿದೆ, 2026ರಿಂದ. ಡೇಟಾ ಸೈನ್ಸ್ ಅನ್ನುವ ಹೆಸರು ಕೇಳಿದರೇ ಸಾಕು, ಗಣಿತ ಬಿಟ್ಟು ಬಂದವರ ಪಾಡು ಅಲ್ಲಿ ಏನಾದೀತು ಅಂತ ಗೊತ್ತಾಗುತ್ತದೆ.

ಇಂದೋರ್ ಪರೀಕ್ಷೆಗೆ ಅರ್ಜಿ ಹಾಕಲು ಪಿಯುನಲ್ಲಿ ಗಣಿತ ಓದಿರಲೇಬೇಕು ಅಂತೇನಿಲ್ಲ. ಆರ್ಟ್ಸ್, ಕಾಮರ್ಸ್, ಸೈನ್ಸ್ ಯಾರು ಬೇಕಾದರೂ ಬರೆಯಬಹುದು. ಇದನ್ನು ಓದಿ ನಾನೂ ಖುಷಿಪಟ್ಟೆ. ಹುಡುಗಿಯೂ ಖುಷಿಪಟ್ಟಳು. ಪ್ರಶ್ನೆಪತ್ರಿಕೆ ತೆರೆದಾಗ ಗೊತ್ತಾಯಿತು, ಷರತ್ತನ್ನು ಅರ್ಹತೆಯ ಸಾಲಿನಲ್ಲಿ ಬರೆದಿಲ್ಲ, ಪ್ರಶ್ನೆಗಳ ಒಳಗೆ ಬರೆದಿದ್ದಾರೆ ಅಂತ. ಒಟ್ಟು 90 ಪ್ರಶ್ನೆ, ಎರಡು ಗಂಟೆ. ಅದರಲ್ಲಿ 45 ಗಣಿತ, 45 ಇಂಗ್ಲಿಷ್. ಗಣಿತದಲ್ಲಿ 15 ಪ್ರಶ್ನೆಗಳಿಗೆ ಆಯ್ಕೆಗಳೇ ಇಲ್ಲ. ಲೆಕ್ಕ ಮಾಡಿ ಬಂದ ಉತ್ತರವನ್ನು ನೀವೇ ಟೈಪ್ ಮಾಡಬೇಕು. ನಾಲ್ಕರಲ್ಲಿ ಒಂದಕ್ಕೆ ಟಿಕ್ ಹಾಕಿ ದೇವರ ಮೇಲೆ ಭಾರ ಹಾಕುವ ಹಾಗಿಲ್ಲ. ಆಯ್ಕೆ ಇರುವ ಗಣಿತ, ಟೈಪ್ ಮಾಡುವ ಗಣಿತ, ಇಂಗ್ಲಿಷ್, ಈ ಮೂರು ಭಾಗಕ್ಕೂ ತಲಾ 40 ನಿಮಿಷ. ಒಂದರಲ್ಲಿ ಉಳಿದ ಸಮಯ ಇನ್ನೊಂದಕ್ಕೆ ಸಿಗುವುದಿಲ್ಲ. ಪ್ರತಿ ಭಾಗದಲ್ಲೂ ಇಂತಿಷ್ಟು ಬರಲೇಬೇಕು. ಇಂಗ್ಲಿಷಿನಲ್ಲಿ ಎಷ್ಟೇ ಬಾಚಿಕೊಂಡರೂ ಗಣಿತದ ಗುಂಡಿ ತುಂಬುವುದಿಲ್ಲ.

ಕೇಳುವುದು ಏನು? ಲಾಗರಿದಮ್, ಪ್ರೊಗ್ರೆಶನ್, ಮ್ಯಾಟ್ರಿಕ್ಸ್, ಡಿಟರ್ಮಿನೆಂಟ್, ಪರ್ಮ್ಯುಟೇಶನ್ ಕಾಂಬಿನೇಶನ್, ಪ್ರಾಬಬಿಲಿಟಿ, ಸಮೀಕರಣಗಳು, ಶೇಕಡಾ, ಸರಾಸರಿ, ಅನುಪಾತ.

ಈ ಪಟ್ಟಿ ಕೈಯಲ್ಲಿ ಹಿಡಿದು ನಾನು ನಮ್ಮ ಸೈನ್ಸ್ ವಿಭಾಗದ ಗಣಿತ ಮೇಷ್ಟ್ರ ಹತ್ತಿರ ಹೋದೆ. ಅವರು ನೋಡಿ ನಕ್ಕರು. ಕಪಾಟಿನಿಂದ ಹಳೆಯ ಎರಡು ಪುಸ್ತಕ ತೆಗೆದು ಮುಂದಿಟ್ಟರು. ನಮ್ಮದೇ ಇಲಾಖೆಯ ಬೇಸಿಕ್ ಮ್ಯಾಥ್ಸ್ ಪಠ್ಯ, ಫಸ್ಟ್ ಪಿಯು ಮತ್ತು ಸೆಕೆಂಡ್ ಪಿಯು. ಮೊದಲ ವರ್ಷದ್ದರಲ್ಲಿ ಘಾತಾಂಕಗಳು, ಲಾಗರಿದಮ್, ಪ್ರೊಗ್ರೆಶನ್, ಸಮೀಕರಣಗಳು, ಬಡ್ಡಿ, ಆನ್ಯುಯಿಟಿ, ಸರಾಸರಿ, ಶೇಕಡಾ ಲಾಭ ನಷ್ಟ. ಎರಡನೆಯ ವರ್ಷದ್ದರಲ್ಲಿ ಮ್ಯಾಟ್ರಿಕ್ಸ್, ಪರ್ಮ್ಯುಟೇಶನ್, ಪ್ರಾಬಬಿಲಿಟಿ, ಬೈನಾಮಿಯಲ್ ಪ್ರಮೇಯ, ಅನುಪಾತ, ಬಿಲ್ ಡಿಸ್ಕೌಂಟಿಂಗ್, ಷೇರುಗಳ ಲೆಕ್ಕ, ಲೀನಿಯರ್ ಪ್ರೋಗ್ರಾಮಿಂಗ್.

ನಿರ್ದೇಶಕರೇ, ಆ ಎರಡು ಪುಸ್ತಕದ ಪರಿವಿಡಿಯನ್ನೂ ಆ ಪರೀಕ್ಷೆಯ ವಿಷಯಗಳನ್ನೂ ಅಕ್ಕಪಕ್ಕ ಇಟ್ಟು ಒಮ್ಮೆ ನೋಡಿ. ಬೆಂಗಳೂರಿನಲ್ಲಿ ಸಾವಿರಾರು ರೂಪಾಯಿ ಕೊಟ್ಟು ಮಕ್ಕಳು ಕೋಚಿಂಗ್‌ನಲ್ಲಿ ಕಲಿಯುವ ತಳಪಾಯ ನಮ್ಮ ಸರ್ಕಾರದ ಪಠ್ಯದಲ್ಲೇ ಇದೆ. ಪರೀಕ್ಷೆಯ ಪ್ರಶ್ನೆ ಪಠ್ಯಕ್ಕಿಂತ ಕಷ್ಟ, ಒಪ್ಪುತ್ತೇನೆ. ತಿರುಚಿ ಕೇಳುತ್ತಾರೆ, ಸಮಯ ಕಡಿಮೆ. ಆದರೆ ಲಾಗ್ ಅಂದರೆ ಏನು ಅಂತ ಗೊತ್ತಿರುವವರಿಗೆ ಅದು ಅಭ್ಯಾಸದ ಮಾತು. ಲಾಗ್ ಅನ್ನುವ ಪದವನ್ನೇ ಮೊದಲ ಸಲ ನೋಡುವವರಿಗೆ ಮೂರು ತಿಂಗಳು ಸಾಲುವುದಿಲ್ಲ. ಆ ಮೂರು ತಿಂಗಳಲ್ಲೇ ಸೆಕೆಂಡ್ ಪಿಯು ಬೋರ್ಡ್ ಪರೀಕ್ಷೆಯೂ ಬರುತ್ತದೆ.

ಹುಡುಗಿ ಹಿಂಜರಿಯಲಿಲ್ಲ. ಅರ್ಜಿ ಶುಲ್ಕವೇ ನಾಲ್ಕು ಸಾವಿರ ದಾಟಿತ್ತು. ಪರಿಶಿಷ್ಟ ಜಾತಿ ಪಂಗಡದವರಿಗೆ ಅರ್ಧ, ಆಕೆಗೆ ಅದು ಅನ್ವಯಿಸುತ್ತಿರಲಿಲ್ಲ. ಅಪ್ಪ ಅಂಗಡಿ ಯಜಮಾನರ ಹತ್ತಿರ ಮುಂಗಡ ತೆಗೆದುಕೊಂಡರು. ಗಣಿತ ಮೇಷ್ಟ್ರು ದಿನಾ ಸಂಜೆ ಒಂದು ಗಂಟೆ ಕೂರಿಸಿ ಹೇಳಿಕೊಟ್ಟರು, ಒಂದು ಪೈಸೆ ತೆಗೆದುಕೊಳ್ಳದೆ. ಮೇ ತಿಂಗಳಲ್ಲಿ ಅಪ್ಪ ಮಗಳು ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋಗಿ ಪರೀಕ್ಷೆ ಬರೆಸಿ ಬಂದರು. ಉತ್ತರ ಟೈಪ್ ಮಾಡುವ ಹದಿನೈದು ಪ್ರಶ್ನೆಗಳಲ್ಲಿ ಆಕೆಗೆ ಸಾಧ್ಯವಾದದ್ದು ಎರಡು.

ಬಂದು ನನಗೆ ಹೇಳಿದ್ದು ಇಷ್ಟೇ. “ಸರ್, ಪ್ರಶ್ನೆ ಕಷ್ಟ ಇರಲಿಲ್ಲ ಅನ್ಸುತ್ತೆ. ನನಗೆ ಏನು ಕೇಳ್ತಿದ್ದಾರೆ ಅಂತಾನೇ ಗೊತ್ತಾಗ್ಲಿಲ್ಲ.”

ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಜಾಸ್ತಿ ಕಾಡುತ್ತದೆ. ಆ ಪರೀಕ್ಷೆ ದಾಟಿದವರಿಗೆ ಇಂದೋರ್ ಐಐಎಂನವರ ಸಂದರ್ಶನ ಇರುತ್ತದೆ. ನಿಮ್ಮ ಊರು ಯಾವುದು, ಅಲ್ಲಿ ಯಾವ ವ್ಯಾಪಾರ ನಡೆಯುತ್ತದೆ, ಯಾಕೆ ಮ್ಯಾನೇಜ್‌ಮೆಂಟ್ ಓದಬೇಕು, ಇಂಥ ಪ್ರಶ್ನೆಗಳು ಬರುವ ಜಾಗ. ಈ ಹುಡುಗಿ ಅಲ್ಲಿ ಕೂತಿದ್ದರೆ ಏನು ಹೇಳುತ್ತಿದ್ದಳು ಅಂತ ನನಗೆ ಗೊತ್ತು. ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಖಾರಕ್ಕಲ್ಲ, ಬಣ್ಣಕ್ಕೆ. ಅದರಿಂದ ಓಲಿಯೋರೆಸಿನ್ ಅನ್ನುವ ಬಣ್ಣದ ಸಾರ ತೆಗೆದು ಹೊರದೇಶಕ್ಕೆ ಕಳಿಸುತ್ತಾರೆ. ಕಾಯಿಯ ಎರಡು ಬಗೆಯಲ್ಲಿ ಡಬ್ಬಿ ಯಾವುದು, ಕಡ್ಡಿ ಯಾವುದು, ಎರಡರ ದರದಲ್ಲಿ ಅಂತರ ಯಾಕೆ ಅಂತ ಆಕೆ ಕಣ್ಣುಮುಚ್ಚಿ ಹೇಳುತ್ತಾಳೆ. 2011ರಲ್ಲಿ ಜಿಐ ಟ್ಯಾಗ್ ಬಂತು, ಆದರೂ ಬೇರೆ ತಳಿಯ ಕಾಯಿ ಇದೇ ಹೆಸರಿನಲ್ಲಿ ಹೇಗೆ ಮಾರಾಟವಾಗುತ್ತದೆ ಅನ್ನುವುದೂ ಗೊತ್ತು. ಇ-ಟೆಂಡರ್ ದರ ಸ್ಕ್ರೀನ್ ಮೇಲೆ ಬಂದಾಗ ರೈತನ ಮುಖ ಹೇಗಿರುತ್ತದೆ ಅನ್ನುವುದನ್ನು ಅಪ್ಪನ ಅಂಗಡಿಯ ಕಟ್ಟೆಯ ಮೇಲೆ ಕೂತು ನೋಡಿದವಳು. 2024ರ ಮಾರ್ಚ್ 11ರಂದು ದರ ಬಿದ್ದು ರೈತರು ಸಿಟ್ಟಿಗೆದ್ದು ಎಪಿಎಂಸಿ ಕಚೇರಿಗೆ ಬೆಂಕಿ ಬಿತ್ತಲ್ಲ, ಆ ದಿನ ಆಕೆಯ ಅಪ್ಪ ರಾತ್ರಿಯಾದರೂ ಮನೆಗೆ ಬಂದಿರಲಿಲ್ಲ. ಕೋಲ್ಡ್ ಸ್ಟೋರೇಜ್, ಆವಕ, ಬೇಡಿಕೆ, ದರ ಇವೆಲ್ಲ ಆಕೆಗೆ ಪಠ್ಯದ ಪದಗಳಲ್ಲ, ಮನೆಯ ಊಟದ ಹೊತ್ತಿನ ಮಾತು.

ಬಿಸಿನೆಸ್ ಸ್ಕೂಲಿನವರು ಇಂಥವರನ್ನೇ ಹುಡುಕುತ್ತಾರೆ ಅಂತ ನಾನು ನಂಬಿದ್ದೇನೆ. ಆದರೆ ಆ ಕುರ್ಚಿಯವರೆಗೆ ಹೋಗುವ ದಾರಿಯನ್ನು ನಾನೇ ಜೂನ್ ತಿಂಗಳ ಎರಡು ನಿಮಿಷದಲ್ಲಿ ಮುಚ್ಚಿದ್ದೆ.

ಈಗ ಆಕೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿಕಾಂ ಓದುತ್ತಿದ್ದಾಳೆ. ಕೆಟ್ಟದ್ದೇನೂ ಆಗಿಲ್ಲ, ಚೆನ್ನಾಗಿದ್ದಾಳೆ. ಸಿಎ ಮಾಡುತ್ತೇನೆ ಅಂತ ಹೊರಟಿದ್ದಾಳೆ. ಸಿಎ ಫೌಂಡೇಶನ್‌ನ ನಾಲ್ಕು ಪೇಪರಿನಲ್ಲಿ ಒಂದು ಏನು ಗೊತ್ತಾ? ಬಿಸಿನೆಸ್ ಮ್ಯಾಥಮ್ಯಾಟಿಕ್ಸ್, ಲಾಜಿಕಲ್ ರೀಸನಿಂಗ್, ಸ್ಟ್ಯಾಟಿಸ್ಟಿಕ್ಸ್. ನೂರು ಅಂಕಕ್ಕೆ, ತಪ್ಪಿಗೆ ಕಾಲು ಅಂಕ ಕಡಿತ. ಮತ್ತೆ ಅದೇ ಗಣಿತ ಮೇಷ್ಟ್ರು, ಮತ್ತೆ ಅದೇ ಸಂಜೆಯ ಒಂದು ಗಂಟೆ.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ನಮ್ಮ ಸ್ಟಾಫ್ ರೂಮಿನಲ್ಲೇ ಬಂತು. “ಎಷ್ಟು ಮಕ್ಕಳು ಐಐಎಂಗೆ ಹೋಗ್ತಾರೆ ಮೇಷ್ಟ್ರೇ? ನಾಲ್ಕು ಜನಕ್ಕೋಸ್ಕರ ಎಲ್ಲರ ತಲೆ ಮೇಲೆ ಗಣಿತ ಹೇರಬೇಕಾ?” ಎಲ್ಲರ ಮೇಲೆ ಹೇರಿ ಅಂತ ನಾನು ಹೇಳುತ್ತಿಲ್ಲ. ಹಿಸ್ಟರಿ ಇಷ್ಟಪಟ್ಟು ತೆಗೆದುಕೊಳ್ಳುವ ಮಗು ಹಿಸ್ಟರಿ ಓದಲಿ. ಅದು ಕೀಳು ವಿಷಯ ಅಂತ ಹೇಳಿದರೆ ನನ್ನ ಪಕ್ಕದ ಕುರ್ಚಿಯವರು ನನ್ನನ್ನು ಬಿಡುವುದಿಲ್ಲ, ಬಿಡಲೂಬಾರದು. ನಾನು ಹೇಳುವುದು ಪರ್ಸೆಂಟೇಜ್‌ಗೆ ಹೆದರಿ ಗಣಿತ ಬಿಡುವವರ ಬಗ್ಗೆ. ದೆಹಲಿ ವಿ.ವಿ.ಯ ಬಿಎಂಎಸ್‌ಗೆ ಸಿಯುಇಟಿಯಲ್ಲಿ ಗಣಿತದ ಪೇಪರ್ ಬರೆಯಲೇಬೇಕು. ಜಿಪ್‌ಮ್ಯಾಟ್‌ನ ನೂರು ಪ್ರಶ್ನೆಯಲ್ಲಿ 33 ನೇರ ಗಣಿತ, ಇನ್ನೂ 33 ಅಂಕಿ ಅಂಶ ಮತ್ತು ತರ್ಕದ್ದು. ಸಿಎ ಹೇಳಿದೆನಲ್ಲ. ಬ್ಯಾಂಕ್ ಪರೀಕ್ಷೆ ಬರೆದವರನ್ನು ಕೇಳಿ, ಅಲ್ಲಿ ಹಿಸ್ಟರಿಗೆ ಎಷ್ಟು ಅಂಕ ಅಂತ. ಐಐಎಂ ಬಿಟ್ಟುಬಿಡೋಣ. ಕಾಮರ್ಸ್ ಓದಿದ ಮಗು ಮುಂದೆ ಯಾವ ಬಾಗಿಲು ತಟ್ಟಿದರೂ ಒಳಗಿನಿಂದ ಗಣಿತವೇ ಬಂದು ಬಾಗಿಲು ತೆರೆಯುತ್ತದೆ.

ಸೈನ್ಸ್ ಮಕ್ಕಳಿಗೆ ಸರ್ಕಾರ ಮಾಡಿದ್ದನ್ನು ನೋಡಿ. ಸಿಇಟಿ, ನೀಟ್‌ಗೆ 2020ರಲ್ಲಿ ಗೆಟ್‌ಸೆಟ್‌ಗೋ ಅಂತ ಉಚಿತ ಆನ್‌ಲೈನ್ ಪಾಠ ತಂದರು. ಆಮೇಲೂ ಬೇರೆ ಬೇರೆ ಹೆಸರಿನಲ್ಲಿ ಕೋಚಿಂಗ್ ಬಂತು. ಬಹಳ ಒಳ್ಳೆಯದು, ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಅದೇ ಕಟ್ಟಡದ ಅದೇ ಕಾರಿಡಾರಿನ ಆ ಕಡೆಯ ಕೋಣೆಯಲ್ಲಿ ಕಾಮರ್ಸ್ ಮಕ್ಕಳಿದ್ದಾರೆ. ಅವರಿಗೂ ಪ್ರವೇಶ ಪರೀಕ್ಷೆ ಇದೆ ಅನ್ನುವುದನ್ನೇ ಯಾರೂ ಹೇಳುವುದಿಲ್ಲ. ಸೈನ್ಸ್‌ನ ಹುಡುಗ ಎಂಟನೇ ಕ್ಲಾಸಿನಿಂದ ನೀಟ್ ಅನ್ನುವ ಪದ ಕೇಳುತ್ತಿರುತ್ತಾನೆ. ನಮ್ಮ ಹುಡುಗಿ ತನ್ನ ಪರೀಕ್ಷೆಯ ಹೆಸರನ್ನು ಅದು ನಡೆಯುವ ಮೂರು ತಿಂಗಳ ಮುಂಚೆ ಕೇಳಿದಳು.

ಕನ್ನಡದ ಮಾತೂ ಎತ್ತಬೇಕು. ಯಾಕೆಂದರೆ ನಮ್ಮ ಉಪನ್ಯಾಸಕರ ವಾಟ್ಸಾಪ್ ಗುಂಪಿನಲ್ಲಿ ಇದು ಬಂದಾಗ ಮೊದಲು ಬಂದ ಸಲಹೆ, “ಐಪಿಮ್ಯಾಟ್ ಕನ್ನಡದಲ್ಲಿ ಕೊಡಿ ಅಂತ ಕೇಳೋಣ” ಅನ್ನುವುದು. ನೀಟ್ ಕನ್ನಡದಲ್ಲಿದೆ. ಸಿಯುಇಟಿ 2022ರಲ್ಲಿ ಶುರುವಾದಾಗಿನಿಂದ ಕನ್ನಡವೂ ಸೇರಿ 13 ಭಾಷೆಯಲ್ಲಿದೆ. ಇದೂ ಬರಲಿ. ಆದರೆ ನನಗೆ ಇದರಲ್ಲಿ ಅಷ್ಟು ನಂಬಿಕೆ ಇಲ್ಲ. ಅರ್ಧ ಪತ್ರಿಕೆ ಇಂಗ್ಲಿಷ್ ಭಾಷೆಯದೇ ಪರೀಕ್ಷೆ, ಅದನ್ನು ಅನುವಾದ ಮಾಡಲು ಬರುವುದಿಲ್ಲ. ಇನ್ನರ್ಧದ ಗಣಿತಕ್ಕೆ ಭಾಷೆ ಅಷ್ಟು ಅಡ್ಡಿಯಲ್ಲ. ಲಾಗ್ ಕನ್ನಡದಲ್ಲೂ ಲಾಗೇ. ಕನ್ನಡ ಮಾಧ್ಯಮದ ಮಗುವಿಗೆ ಇಂಗ್ಲಿಷ್ ಎರಡು ವರ್ಷದಲ್ಲಿ ಓದಿ ಓದಿ ಸುಧಾರಿಸುತ್ತದೆ, ಸುಧಾರಿಸಿದ್ದನ್ನು ನೋಡಿದ್ದೇನೆ. ಬಿಟ್ಟುಹೋದ ಗಣಿತ ತಾನಾಗಿ ಬರುವುದಿಲ್ಲ. ಅದಕ್ಕೆ ಕಲಿಸುವವರು ಬೇಕು, ಟೈಮ್‌ಟೇಬಲ್‌ನಲ್ಲಿ ಒಂದು ಪೀರಿಯಡ್ ಬೇಕು.

ಅರ್ಜಿ ತುಂಬುವಾಗ ಕಂಡ ಇನ್ನೊಂದು ಗೋಜಲು ಹೇಳಿ ಮುಂದೆ ಹೋಗುತ್ತೇನೆ. ನಮ್ಮ ಮಕ್ಕಳ ಹತ್ತಿರ 2ಎ, 3ಬಿ ಅಂತ ಜಾತಿ ಆದಾಯ ಪ್ರಮಾಣಪತ್ರ ಇರುತ್ತದೆ. ಸೀದಾ ಅದನ್ನೇ ಅಪ್‌ಲೋಡ್ ಮಾಡಿಬಿಡುತ್ತಾರೆ. ಕೇಂದ್ರದ ಸಂಸ್ಥೆಗಳಿಗೆ ಅದು ನಡೆಯುವುದಿಲ್ಲ. ಕೇಂದ್ರದ ನಮೂನೆಯ ಒಬಿಸಿ, ಕ್ರೀಮಿ ಲೇಯರ್ ಅಲ್ಲದ ಪ್ರಮಾಣಪತ್ರ ತಹಶೀಲ್ದಾರರಿಂದ ಬೇರೆಯಾಗಿ ಮಾಡಿಸಬೇಕು. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿಲ್ಲ. 3ಬಿಯಲ್ಲಿದ್ದು ಕೇಂದ್ರದ ಪಟ್ಟಿಯಲ್ಲಿಲ್ಲದ ಬಡ ಕುಟುಂಬದ ಮಗುವಿಗೆ ಇಡಬ್ಲ್ಯುಎಸ್, ಅಂದರೆ ಆರ್ಥಿಕವಾಗಿ ದುರ್ಬಲರ ಮೀಸಲಾತಿ ಅಡಿಯಲ್ಲಿ ಅವಕಾಶ ಇರಬಹುದು, ಅದಕ್ಕೆ ಇನ್ನೊಂದು ಪ್ರಮಾಣಪತ್ರ. ಇದನ್ನು ನಾಡಕಚೇರಿಯಲ್ಲಿ ಕೇಳಿದರೆ ಆಪರೇಟರ್ ಹುಡುಗ ನಮ್ಮ ಮುಖ ನೋಡುತ್ತಾನೆ. ಕೊನೇ ವಾರದಲ್ಲಿ ಓಡಾಡಿದರೆ ಆಗುವ ಕೆಲಸ ಅಲ್ಲ ಇದು.

ಹಣದ ವಿಷಯ. ಇಂದೋರಿನಲ್ಲಿ ಮೊದಲ ಮೂರು ವರ್ಷ ಬೋಧನಾ ಶುಲ್ಕವೇ ವರ್ಷಕ್ಕೆ ಐದು ಲಕ್ಷದ ಹತ್ತಿರ. ಕೊನೆಯ ಎರಡು ವರ್ಷ ಅದಕ್ಕಿಂತ ಬಹಳ ಜಾಸ್ತಿ. ಗುಮಾಸ್ತನ ಮನೆಯಲ್ಲಿ ಈ ಸಂಖ್ಯೆ ಹೇಳುವಾಗ ನಾಲಿಗೆ ತೊದಲುತ್ತದೆ. ಸಾಲದ ದಾರಿ ಇದೆ. 2024ರ ನವೆಂಬರಿನಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ದೊಡ್ಡ ಸಂಸ್ಥೆಗಳಿಗೆ ಆಯ್ಕೆಯಾದವರಿಗೆ ಅಡಮಾನ, ಜಾಮೀನು ಇಲ್ಲದೆ ಸಾಲ ಸಿಗುತ್ತದೆ. ಕುಟುಂಬದ ವರಮಾನ ಎಂಟು ಲಕ್ಷದೊಳಗಿದ್ದರೆ ಹತ್ತು ಲಕ್ಷದವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ಶೇಕಡಾ 3ರಷ್ಟು ನೆರವೂ ಇದೆ. ಆದರೂ ಸಾಲ ಸಾಲವೇ. ಬೇಡ ಅಂತ ಒಂದು ಕುಟುಂಬ ತೀರ್ಮಾನಿಸಿದರೆ ನಾನು ತಪ್ಪು ಹೇಳುವುದಿಲ್ಲ. ಸೀಟು ಕೈಗೆ ಬಂದ ಮೇಲೆ ಕೂತು ಲೆಕ್ಕ ಹಾಕಿ ಬೇಡ ಅನ್ನುವುದು ಅವರ ಹಕ್ಕು. ಆ ಲೆಕ್ಕ ಹಾಕುವ ಅವಕಾಶವೇ ಬರದ ಹಾಗೆ ನಾವು ಮಾಡುತ್ತಿದ್ದೇವಲ್ಲ, ನನ್ನ ತಕರಾರು ಅದು.

ಇನ್ನು ಬೇಡಿಕೆಗೆ ಬರುತ್ತೇನೆ. ನಮ್ಮ ಕಾಲೇಜಿನಲ್ಲಿ ಬೇಸಿಕ್ ಮ್ಯಾಥ್ಸ್ ಯಾಕಿಲ್ಲ ಅಂತ ಪ್ರಾಂಶುಪಾಲರನ್ನು ಕೇಳಿದೆ. ತೆಗೆದುಕೊಳ್ಳುವ ಮಕ್ಕಳಿಲ್ಲ ಅಂದರು. ಮಕ್ಕಳು ಯಾಕಿಲ್ಲ? ವಿಷಯ ಇಲ್ಲವಲ್ಲ, ಅದಕ್ಕೆ. ಈ ಗಾಣದ ಸುತ್ತ ನಾವು ಎಷ್ಟೋ ವರ್ಷದಿಂದ ತಿರುಗುತ್ತಿದ್ದೇವೆ. ಹೊಸ ಕಾಂಬಿನೇಶನ್ ತೆರೆಯಲು ನಿಮ್ಮ ಕಚೇರಿಯ ಅನುಮತಿ ಬೇಕು. ಸೈನ್ಸ್ ವಿಭಾಗ ಇರುವ ಪ್ರತಿ ಸರ್ಕಾರಿ ಪಿಯು ಕಾಲೇಜಿಗೂ ಬೇಸಿಕ್ ಮ್ಯಾಥ್ಸ್ ಕಾಂಬಿನೇಶನ್‌ಗೆ, ಮೊದಲ ವರ್ಷ ಐದೇ ಮಕ್ಕಳು ಬಂದರೂ ಸರಿ, ಅನುಮತಿ ಕೊಡಿ. ಅಂಥ ಕಡೆ ಗಣಿತ ಉಪನ್ಯಾಸಕರು ಆಗಲೇ ಇದ್ದಾರೆ. ಅವರ ಕಾರ್ಯಭಾರದಲ್ಲಿ ಇದನ್ನು ಲೆಕ್ಕ ಹಿಡಿಯಿರಿ. ನಮ್ಮ ಮೇಷ್ಟ್ರು ಮಾಡಿದ ಸಂಜೆ ಪಾಠ ಯಾವ ರಿಜಿಸ್ಟರಿನಲ್ಲೂ ಇಲ್ಲ. ಹಾಗೆ ಒಬ್ಬರ ಒಳ್ಳೆಯತನದ ಮೇಲೆ ಒಂದು ಕಾಲೇಜನ್ನು ನಡೆಸಲು ಆಗುವುದಿಲ್ಲ. ಗಣಿತ ಉಪನ್ಯಾಸಕರೇ ಇಲ್ಲದ ಕಡೆ ಅತಿಥಿ ಉಪನ್ಯಾಸಕರನ್ನು ಕೊಡಿ, ಸಕಾಲಕ್ಕೆ ಕೊಡಿ. ಅಕ್ಟೋಬರಿನಲ್ಲಿ ಕೊಟ್ಟು ಫೆಬ್ರವರಿಯಲ್ಲಿ ಪಠ್ಯ ಮುಗಿಸಿ ಅಂದರೆ ಅದು ಪಾಠ ಅಲ್ಲ, ಓಟ.

ಹೊರಗಿನ ವಿಶ್ವವಿದ್ಯಾಲಯಗಳಿಗೂ ಐಐಎಂಗಳಿಗೂ ಇಲಾಖೆಯೇ ಪತ್ರ ಬರೆದು, ನಮ್ಮ ಬೇಸಿಕ್ ಮ್ಯಾಥ್ಸ್ ಪಠ್ಯವನ್ನು ಜೊತೆಗಿಟ್ಟು, ಇದನ್ನು ಗಣಿತವೆಂದೇ ಪರಿಗಣಿಸಬೇಕು ಅಂತ ಕೇಳಿ, ಉತ್ತರವನ್ನು ಲಿಖಿತವಾಗಿ ತರಿಸಿ ಎಲ್ಲ ಕಾಲೇಜಿಗೂ ಕಳಿಸಬೇಕು. ಅಂಕಪಟ್ಟಿಯ ಮೇಲೆ ಬೇಸಿಕ್ ಅನ್ನುವ ಪದ ನೋಡಿ ಯಾವ ಗುಮಾಸ್ತನೂ ಮಗುವಿನ ಅರ್ಜಿ ಪಕ್ಕಕ್ಕೆ ಇಡಬಾರದು. ಅದನ್ನು ಹದಿನೇಳು ವರ್ಷದ ಹುಡುಗಿ ಇಮೇಲ್ ಬರೆದು ಒಬ್ಬಳೇ ಬಗೆಹರಿಸಿಕೊಳ್ಳಬೇಕಾ?

ಅಡ್ಮಿಷನ್ ಫಾರ್ಮಿನ ಕಾಂಬಿನೇಶನ್ ಕಾಲಂ ಕೆಳಗೆ ನಾಲ್ಕು ಸಾಲು ಕನ್ನಡದಲ್ಲಿ ಅಚ್ಚು ಹಾಕಿಸಿ. ಗಣಿತ ಬಿಟ್ಟರೆ ಮುಂದೆ ಯಾವ ಯಾವ ಪರೀಕ್ಷೆ ಕಷ್ಟವಾಗುತ್ತದೆ, ಯಾವ ಕೋರ್ಸಿಗೆ ಅರ್ಜಿಯೇ ಹಾಕಲು ಬರುವುದಿಲ್ಲ ಅಂತ. ಕೆಳಗೆ ಅಪ್ಪ ಅಥವಾ ಅಮ್ಮನ ಸಹಿ. ಔಷಧಿ ಡಬ್ಬಿ ಮೇಲೂ ಎಚ್ಚರಿಕೆ ಬರೆದಿರುತ್ತಾರೆ, ಎರಡು ವರ್ಷದ ಓದಿನ ಮೇಲೆ ಬರೆಯುವುದಕ್ಕೆ ಏನು ಅಡ್ಡಿ?

ಐಐಎಂಗಳಿಗೂ ಒಂದೇ ಮಾತು, ಈ ಪತ್ರ ಅವರ ಕಣ್ಣಿಗೂ ಬಿದ್ದರೆ. ನಿಮ್ಮ ಅರ್ಜಿ ತುಂಬುವ ದಿನಗಳು ನಮ್ಮ ಬೋರ್ಡ್ ಪರೀಕ್ಷೆಯ ದಿನಗಳೇ ಆಗಿರುತ್ತವೆ. ಒಂದೊಂದು ಸಂಸ್ಥೆಗೆ ಒಂದೊಂದು ಅರ್ಜಿ, ಒಂದೊಂದಕ್ಕೂ ಸಾವಿರಗಟ್ಟಲೆ ಶುಲ್ಕ. ಪದವಿ ಮುಗಿಸಿದವರಿಗೆ ಎಲ್ಲ ಐಐಎಂಗೂ ಸೇರಿ ಒಂದೇ ಕ್ಯಾಟ್ ಮಾಡಿದ್ದೀರಿ. ಪಿಯು ಮಕ್ಕಳ ವಿಷಯದಲ್ಲಿ ಮಾತ್ರ ಯಾಕೆ ಆಗುವುದಿಲ್ಲ?

ಇಲಾಖೆಯ ಉತ್ತರ ಬರುವವರೆಗೆ ಸುಮ್ನೆ ಕೂರಲು ಮನಸ್ಸಾಗಲಿಲ್ಲ. ಕಳೆದ ಜೂನಿನಲ್ಲಿ ನಾನೇ ಒಂದು ಹಾಳೆ ಬರೆದು ಜೆರಾಕ್ಸ್ ಮಾಡಿಸಿ ಅಡ್ಮಿಷನ್ ಟೇಬಲ್ಲಿಗೆ ಅಂಟಿಸಿದೆ. ಮುಕ್ಕಾಲು ಗಂಟೆ ದೂರದ ಆ ಕಾಲೇಜಿನ ಹೆಸರನ್ನೂ ಬಸ್ಸಿನ ಸಮಯವನ್ನೂ ಅದರಲ್ಲಿ ಬರೆದಿದ್ದೇನೆ. ಮೂವರು ಅದನ್ನು ಓದಿ ನಮ್ಮ ಫಾರ್ಮ್ ವಾಪಸ್ ಕೊಟ್ಟು ಅಲ್ಲಿಗೆ ಹೋದರು. ಪ್ರಾಂಶುಪಾಲರಿಗೆ ಸ್ವಲ್ಪ ಬೇಜಾರಾಯಿತು. ಬರುವ ವರ್ಷ ಆ ಮೂವರಂಥವರು ನಮ್ಮಲ್ಲೇ ಉಳಿಯಬೇಕು ಅಂತ ಅವರಿಗೂ ಆಸೆ ಇದೆ. ಬೇಸಿಕ್ ಮ್ಯಾಥ್ಸ್‌ಗೆ ಅನುಮತಿ ಕೋರಿ ಅವರು ಕಳಿಸಿದ ಪ್ರಸ್ತಾವ ನಿಮ್ಮ ಕಚೇರಿಯಲ್ಲಿದೆ. ಏಪ್ರಿಲ್ ಒಳಗೆ ಅದಕ್ಕೆ ಸಹಿಯಾದರೆ ಹೊಸ ಫಾರ್ಮ್ ಅಚ್ಚು ಹಾಕಿಸಲು ನಮಗೆ ಸಮಯ ಸಿಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಹಾವೇರಿ ಜಿಲ್ಲೆಯ ಒಬ್ಬ ಅಕೌಂಟೆನ್ಸಿ ಉಪನ್ಯಾಸಕ